ತುಟಿ ಸವರುವ ಹೆಬ್ಬೆರಳು

ನಗರದ ಯುವಕನ ಗತ್ತು ಎಲ್ಲಿಂದ ಬರುತ್ತದೆ? ಗೊದಾರ್ ಅವರ ಫ್ರೆಂಚ್ ಚಿತ್ರ ‘ಬ್ರೆತ್‌ಲೆಸ್’ (1960) ಇದಕ್ಕೆ ಉತ್ತಮ ನಿದರ್ಶನ. ಕಾರುಗಳ್ಳ ಮಿಷೆಲ್ ಪ್ಯಾರಿಸ್ಸಿನ ಚಿತ್ರಮಂದಿರವೊಂದರ ಮುಂದೆ, ಅಮೆರಿಕದ ನಟ ಹಂಫ್ರಿ ಬೋಗಾರ್ಟ್‌ನ ಭಾವಚಿತ್ರದೆದುರು ನಿಂತು ಹೆಬ್ಬೆರಳಿನಿಂದ ತುಟಿ ಸವರಿಕೊಳ್ಳುತ್ತಾನೆ. ಚಿತ್ರದುದ್ದಕ್ಕೂ ಅದೇ ಅವನ ಗುರುತು.

ಇದಕ್ಕೆ ಚಾರಿತ್ರಿಕ ಹಿನ್ನೆಲೆಯೂ ಇದೆ. ಜರ್ಮನರ ಆಳ್ವಿಕೆಯಲ್ಲಿ ಫ್ರಾನ್ಸಿನಲ್ಲಿ ನಿಷೇಧಕ್ಕೊಳಗಾಗಿದ್ದ ಹಾಲಿವುಡ್ ಚಿತ್ರಗಳು ಯುದ್ಧಾನಂತರ, 1946ರ ಒಪ್ಪಂದದ ಬಳಿಕ, ಹೇರಳವಾಗಿ ಬಂದವು. ಅವುಗಳನ್ನು ನೋಡುತ್ತ ಬೆಳೆದ ಪೀಳಿಗೆ ಮಿಷೆಲ್‌ನದು.

ಆದರೆ ಎರವಲು ಸಿಕ್ಕಿದ್ದು ಭಂಗಿ ಮಾತ್ರ. ಪೊಲೀಸರ ಗುಂಡಿನಿಂದ ಅದು ಅವನನ್ನು ಕಾಯುವುದಿಲ್ಲ. ಅವನ ಸುಳಿವು ಕೊಟ್ಟ ಅಮೆರಿಕನ್ ಗೆಳತಿ ಪೆಟ್ರೀಷಿಯಾ, ಕೊನೆಯ ದೃಶ್ಯದಲ್ಲಿ ತಾನೂ ಹಾಗೆಯೇ ತುಟಿ ಸವರಿಕೊಳ್ಳುತ್ತಾಳೆ. ಅಮೆರಿಕದಿಂದ ಬಂದ ಭಂಗಿ ಅಮೆರಿಕದವಳಿಗೇ ಮರಳುತ್ತದೆ, ಆದರೆ ಈಗ ಅದು ಬೋಗಾರ್ಟ್‌ನದಲ್ಲ, ಮಿಷೆಲ್‌ನದು. ವೀಕ್ಷಕರು ಈ ಎರಡು ದೃಶ್ಯಗಳನ್ನು ಜೊತೆಗಿಟ್ಟು ನೋಡಬೇಕು.