ಕಣ್ಣಿಗೆ ಕಬ್ಬಿನ ಗರಿ ಹೊಡೆದರೆ



ಕಬ್ಬಿನೊಳಗೆ ಹೊಕ್ಕು ರವದಿ ಸುಲಿಯುವಾಗ ಗರಿಯ ಅಂಚು ಕೈಗೆ ಗೀರಿದರೆ ಎರಡು ದಿನದಲ್ಲಿ ಮಾಯುತ್ತದೆ. ಕಣ್ಣಿಗೆ ಹೊಡೆದರೆ ಹಾಗಲ್ಲ. ಕಪ್ಪುಗುಡ್ಡೆಯ ಮುಂದಿರುವ ಗಾಜಿನಂಥ ಪಟಲಕ್ಕೆ ಕಾರ್ನಿಯಾ ಎನ್ನುತ್ತಾರೆ. ಅದು ಗೀರಿದಾಗ ಗರಿಯ ಮೇಲಿನ ಅಥವಾ ಮಣ್ಣಿನಲ್ಲಿಯ ಶಿಲೀಂಧ್ರ ಒಳಸೇರಿ ಹುಣ್ಣು ಮಾಡಬಲ್ಲದು. ಮೊದಲು ಕಸ ಬಿದ್ದಂತೆ ಚುಚ್ಚುತ್ತದೆ, ನೀರು ಸುರಿಯುತ್ತದೆ; ಕೆಲ ದಿನಗಳ ಮೇಲೆ ಬಿಳಿ ಚುಕ್ಕೆ ಕಾಣುತ್ತದೆ. ಹುಣ್ಣು ಮಾಯ್ದರೂ ಕಲೆ ಉಳಿದರೆ ‘ಕಣ್ಣಿಗೆ ಹೂ ಬಿತ್ತು’ ಎನ್ನುತ್ತೇವೆ.

ಇಂಥ ಶಿಲೀಂಧ್ರಗಳಲ್ಲಿ ಫ್ಯುಜೇರಿಯಂ ಮುಖ್ಯವಾದುದು. ಕಬ್ಬಿನ ಸುಳಿ ತಿರುಚಿ ಕೊಳೆಸುವ ಪೊಕ್ಕಾ ಬೋಯಿಂಗ್ ರೋಗವೂ ಇದೇ ಕುಲದ ಶಿಲೀಂಧ್ರದಿಂದ ಬರುವುದು. ಇದರ ಮೇಲೆ ಬಳಸುವ ನಾಟಮೈಸಿನ್ ಎಂಬ ಔಷಧ 1955ರಲ್ಲಿ ದಕ್ಷಿಣ ಆಫ್ರಿಕದ ನಟಾಲ್ ಪ್ರಾಂತದ ಮಣ್ಣಿನ ಸೂಕ್ಷ್ಮಜೀವಿಯಿಂದ ದೊರೆಯಿತು. ನಟಾಲ್ ಕೂಡ ಕಬ್ಬಿನ ನಾಡೇ. ಮುಂದೆ ವೊರಿಕೊನಜೋಲ್ ಎಂಬ ಹೊಸ ಔಷಧ ಬಂದಾಗ ಅದೇ ಮೇಲೆಂದು ಹಲವರು ಭಾವಿಸಿದ್ದರು. ತಮಿಳುನಾಡಿನ ಮಧುರೆಯ ಅರವಿಂದ ಕಣ್ಣಾಸ್ಪತ್ರೆ ಹಾಗೂ ಅದರ ಶಾಖೆಗಳಲ್ಲಿ 2010-11ರಲ್ಲಿ 323 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಂಗಡ ಮಾಡಿ, ಒಂದಕ್ಕೆ ಹಳೆಯದನ್ನು, ಇನ್ನೊಂದಕ್ಕೆ ಹೊಸದನ್ನು ಹಾಕಿ ನೋಡಿದರು. 2013ರಲ್ಲಿ ಫಲ ಪ್ರಕಟವಾಯಿತು. ಹಳೆಯ ನಾಟಮೈಸಿನ್ ಪಡೆದವರ ದೃಷ್ಟಿಯೇ ಉತ್ತಮವಾಗಿತ್ತು. ಕಾರ್ನಿಯಾ ತೂತಾದದ್ದೂ ಅವರಲ್ಲಿ ಕಡಿಮೆ. ಫ್ಯುಜೇರಿಯಂ ಹುಣ್ಣಿನಲ್ಲಿ ಈ ಅಂತರ ಎದ್ದು ಕಂಡಿತು. (ಹೊಸ ತಳಿಯೆಂದರೆ ಹಿಂದೆಮುಂದೆ ನೋಡದೆ ನಾಟುವವರು ಇದನ್ನು ಗಮನಿಸಬಹುದು.)

ಆದರೆ ಈ ಔಷಧ ಆಳಕ್ಕೆ ಇಳಿಯುವುದು ಕಡಿಮೆ. ಆ ಪ್ರಯೋಗದಲ್ಲಿ ಮೊದಲ ವಾರ ಎಚ್ಚರವಿದ್ದಷ್ಟು ಹೊತ್ತೂ ಗಂಟೆಗೊಮ್ಮೆ ಹನಿ ಹಾಕಿದ್ದರು. ತಡಮಾಡಿ ಹುಣ್ಣು ಆಳಕ್ಕೆ ಹೋದರೆ ಹನಿಯಿಂದ ಮಾತ್ರ ಕೆಲಸವಾಗದೆ ಶಸ್ತ್ರಕ್ರಿಯೆಯವರೆಗೂ ಹೋಗಬೇಕಾದೀತು.

ಕಣ್ಣು ಕೆಂಪಾಯಿತೆಂದು ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ಹನಿಯಲ್ಲಿ ಸ್ಟೀರಾಯ್ಡ್ ಇರುವುದುಂಟು. ಅದರಿಂದ ಕೆಂಪು ಇಳಿಯುತ್ತದೆ, ನೋವೂ ತಗ್ಗುತ್ತದೆ, ಒಳಗೆ ಮಾತ್ರ ಶಿಲೀಂಧ್ರ ಹಬ್ಬುತ್ತಲೇ ಇರುತ್ತದೆ. ನನಗೆ ಹೆಚ್ಚಿನ ಭಯ ಇದರದೇ. ಎದೆಹಾಲು, ಸೊಪ್ಪಿನ ರಸ, ಹರಳೆಣ್ಣೆಯೂ ಬೇಡ. ಸೆರಗಿನ ತುದಿಯಿಂದ ಕಸ ತೆಗೆಯುವುದೂ ಬೇಡ. ಶುದ್ಧ ನೀರಿನಿಂದ ತೊಳೆದು, ಉಜ್ಜದೆ, ಅದೇ ದಿನ ಕಣ್ಣಿನ ಡಾಕ್ಟರರಲ್ಲಿಗೆ ಹೋಗಿರಿ. ಕಬ್ಬಿನ ಗರಿ ಹೊಡೆದದ್ದೆಂದು ಮರೆಯದೆ ಹೇಳಿರಿ. ಹುಣ್ಣನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರವೋ ಬ್ಯಾಕ್ಟೀರಿಯವೋ ತಿಳಿಯುತ್ತದೆ. ಮೊದಲೇ ಏನಾದರೂ ಹಾಕಿದ್ದರೆ ಆ ಬಾಟಲಿ ಜೊತೆಗಿರಲಿ.

ನಿಮ್ಮ ಹೊಲಕ್ಕೆ ಬರುವ ಕಬ್ಬು ಕಡಿಯುವ ಟೋಳಿಯವರಿಗೂ ಇದನ್ನು ಮರಾಠಿಯಲ್ಲಿ ತಿಳಿಸಿ ಹೇಳಿರಿ. ದಿನದ ಕೂಲಿ ಹೋಗುತ್ತದೆಂದು ಅವರು ನೋವು ಮುಚ್ಚಿಟ್ಟುಕೊಳ್ಳುವುದುಂಟು.