ವಾಲ್ವು ಎಷ್ಟು ದೊಡ್ಡದಿರಬೇಕು?



ಎರಡಿಂಚಿನ ಪೈಪಿಗೆ ಎರಡಿಂಚಿನದೇ ವಾಲ್ವು ಎಂದು ಅಂಗಡಿಯವರು ಕೊಡುತ್ತಾರೆ, ನೀವು ತರುತ್ತೀರಿ. ನೀರು ಬಿಡುವುದು, ನಿಲ್ಲಿಸುವುದು ಇಷ್ಟೇ ಕೆಲಸವಾದರೆ ಅದೇ ಸರಿ. ಅಳೆದು ಬಿಡಬೇಕಾದಾಗ ಮಾತ್ರ ಪೇಚಾಟ ಶುರುವಾಗ್ತದೆ.

ಹನಿ ನೀರಾವರಿಯ ಅರ್ಧ ಎಕರೆ ಟೊಮೇಟೊ ಹೊಲ ಇದೆ ಅನ್ನಿ. ಸಾಲಿನಿಂದ ಸಾಲಿಗೆ 5 ಅಡಿ, ಡ್ರಿಪ್ಪರಿನಿಂದ ಡ್ರಿಪ್ಪರಿಗೆ 2 ಅಡಿ ಎಂದರೆ ಸುಮಾರು 2,175 ಡ್ರಿಪ್ಪರು. ಒಂದೊಂದಕ್ಕೆ ಗಂಟೆಗೆ 4 ಲೀಟರಿನಂತೆ ಒಟ್ಟು 8,700 ಲೀಟರು. ಅದಕ್ಕೆ 1 ಕೆ.ಜಿ. ಒತ್ತಡ, ಅಂದರೆ 10 ಮೀಟರು ಎತ್ತರದ ನೀರಿನ ಭಾರ, ಸಾಕು. ಬೋರು ಹತ್ತಿರವಿದ್ದು ಹೊಲದ ತಲೆಯಲ್ಲಿ 2 ಕೆ.ಜಿ. ಇದ್ದರೆ, ಮಿಕ್ಕ 1 ಕೆ.ಜಿ.ಯನ್ನು ವಾಲ್ವೇ ನುಂಗಬೇಕು. ಇಲ್ಲವಾದರೆ ಸಣ್ಣ ಪೈಪುಗಳು ಕೀಲಿನಲ್ಲಿ ಕಿತ್ತು ಬರ್ತವೆ. ಜತೆಗೇ ಬಿಟ್ಟ ಮೇಲಿನ ಹೊಲದ ಗಿಡ ಬಾಡುತ್ತದೆ.

ಎರಡಿಂಚಿನ ಬಾಲ್ ವಾಲ್ವು ಪೂರಾ ತೆರೆದರೆ ಏನೂ ನುಂಗದು. ಸ್ವಲ್ಪ ಮುಚ್ಚಿದರೂ ಹೆಚ್ಚು ವ್ಯತ್ಯಾಸ ಕಾಣದು. ಕಡೆಯ ಕೂದಲೆಳೆಯಷ್ಟು ತಿರುವಿನಲ್ಲೇ ಎಲ್ಲ ಆಟ! ಕೈ ಸ್ವಲ್ಪ ಅಲುಗಿದರೆ ನೀರು ದಿಢೀರನೆ ಏರ್ತದೆ, ಇಳೀತದೆ. ಆ ಕಿರಿದಾದ ಸಂದಿನಲ್ಲಿ ಮರಳು ಉಜ್ಜಿ ವಾಲ್ವಿನ ಒಳಮೈ ಸವೆಯುತ್ತದೆ. ಗೇಟ್ ವಾಲ್ವಿನ ಗತಿಯೂ ಇದೇ. ಅಳತೆಯ ಕೆಲಸಕ್ಕೆ ಗ್ಲೋಬ್ ವಾಲ್ವು ತನ್ನಿ.

ಅದರ ಅಳತೆ? ತಯಾರಕರ ಪಟ್ಟಿಯಲ್ಲಿ ಪ್ರತಿ ವಾಲ್ವಿಗೂ ಒಂದು ಅಂಕಿ ಕೊಟ್ಟಿರುತ್ತಾರೆ: 1 ಕೆ.ಜಿ. ಒತ್ತಡ ಕಳೆದಾಗ ಗಂಟೆಗೆ ಎಷ್ಟು ಸಾವಿರ ಲೀಟರು ಹೋಗುತ್ತದೆ ಎಂದು. ನೀರು ಇಮ್ಮಡಿ ಹೋಗಬೇಕಾದರೆ ಒತ್ತಡ ನಾಲ್ಮಡಿ ಬೇಕು, ಇದು ನೆನಪಿರಲಿ. ಅಂಕಿ 16 ಇರುವ ವಾಲ್ವಾದರೆ ನಿಮ್ಮ 8,700 ಲೀಟರು ಅದರ ಸುಮಾರು ಅರ್ಧ ಶಕ್ತಿಯಲ್ಲೇ ಹೋಗ್ತದೆ. ಹೆಚ್ಚು ಕಡಿಮೆ ಮಾಡಲು ಎರಡೂ ಕಡೆ ಜಾಗವಿರುತ್ತದೆ. ಬೇಸಿಗೆಯಲ್ಲಿ ಬೋರಿನ ನೀರು ಇಳಿದು ಒತ್ತಡ 1.3 ಕೆ.ಜಿ.ಗೆ ಬಂದರೂ ಚಿಂತೆಯಿಲ್ಲ, ಪೂರಾ ತೆರೆದಾಗ ಅದು ನುಂಗುವುದು 0.3 ಕೆ.ಜಿ. ಮಾತ್ರ. ಹಣ ಉಳಿಸಲು ಅಂಕಿ 6ರದ್ದು ತಂದಿರೋ, ಅಷ್ಟು ನೀರಿಗೆ ಅದೊಂದೇ 2 ಕೆ.ಜಿ.ಗಿಂತ ಹೆಚ್ಚು ಕೇಳ್ತದೆ. ಹೊಲಕ್ಕೇನು ಉಳಿಯಿತು?

ಹೀಗೆ ಆರಿಸಿದ ವಾಲ್ವು ಪೈಪಿಗಿಂತ ಸಣ್ಣದೇ ಆಗಬಹುದು. ನೋಡಿದವರು ನಕ್ಕರೆ ನಗಲಿ. ಎರಡೂ ಬದಿಗೆ ರೆಡ್ಯೂಸರ್ ಹಾಕಿ ಕೂಡಿಸಿ. ಮೈಮೇಲಿನ ಬಾಣದ ಗುರುತು ನೀರು ಹರಿಯುವ ದಿಕ್ಕಿಗೇ ಇರಲಿ. ಫಿಲ್ಟರು ವಾಲ್ವಿಗೆ ಮುಂಚೆ, ಒತ್ತಡದ ಗೇಜು ವಾಲ್ವಿನ ಆಚೆ. ಗೇಜಿನ ಮುಳ್ಳು 1ಕ್ಕೆ ನಿಲ್ಲುವ ತನಕ ನಿಧಾನವಾಗಿ ತಿರುವಿ, ಎಷ್ಟು ಸುತ್ತು ತೆರೆದಿರಿ ಎಂದು ಎಣಿಸಿ ಪಂಪಿನ ಮನೆಯ ಗೋಡೆಗೆ ಬರೆದಿಡಿ. ನೀವು ಊರಲ್ಲಿಲ್ಲದ ದಿನ ಮನೆಯವರು ಅದನ್ನು ನೋಡಿಯೇ ನೀರು ಬಿಡಬಹುದು.