ಕೈ ನಡುಗುವವರ ನಿರ್ಧಾರಗಳು

ಕೈ ನಡುಕ, ನಿಧಾನ ನಡಿಗೆ, ಬಿಗಿದ ಮೈ. ಪಾರ್ಕಿನ್ಸನ್ ಕಾಯಿಲೆ ಎಂದರೆ ಇಷ್ಟೇ ಎಂದು ನೀವು ತಿಳಿದಿರಬಹುದು. ಯೂನಾನಿಯಲ್ಲಿ ನಡುಕಕ್ಕೆ ‘ರಅಶಾ’ ಎನ್ನುತ್ತೇವೆ. 1817ರಲ್ಲಿ ಈ ಕಾಯಿಲೆಯನ್ನು ವಿವರಿಸಿದ ಜೇಮ್ಸ್ ಪಾರ್ಕಿನ್ಸನ್ ಕೂಡ ಬುದ್ಧಿಗೆ ಧಕ್ಕೆಯಿಲ್ಲ ಎಂದೇ ಬರೆದಿದ್ದರು. ಆದರೆ ಫಲ ಏನೆಂದು ತಿಳಿಯದ ವಿಷಯದಲ್ಲಿ ನಿರ್ಧರಿಸುವ ಶಕ್ತಿಯನ್ನೂ ಈ ರೋಗ ತಟ್ಟಬಹುದು.

ನಾಯಕನಹಟ್ಟಿ ಸುತ್ತಲಿನವರಿಗೆ ಇಂಥ ನಿರ್ಧಾರಗಳು ಹೊಸತಲ್ಲ. ಈ ಹದಕ್ಕೇ ಶೇಂಗಾ ಬಿತ್ತುವುದೋ, ಇನ್ನೊಂದು ಮಳೆ ಕಾಯುವುದೋ? ಮೂರು ಬೋರ್‌ವೆಲ್ ಬತ್ತಿದ ಹೊಲದಲ್ಲಿ ನಾಲ್ಕನೆಯದಕ್ಕೆ ಸಾಲ ಮಾಡುವುದೋ, ಬೇಡವೋ? ಹಿಂದಿನ ಲಾಭ ನಷ್ಟಗಳಿಂದ ಮಿದುಳು ಪಾಠ ಕಲಿಯಲು ಡೋಪಮಿನ್ ಎಂಬ ರಾಸಾಯನಿಕ ಬೇಕು. ಪಾರ್ಕಿನ್ಸನ್‌ನಲ್ಲಿ ಕಡಿಮೆಯಾಗುವುದು ಅದೇ.

2004ರಲ್ಲಿ ಅಮೆರಿಕದ ಮೈಕೆಲ್ ಫ್ರಾಂಕ್ ಮತ್ತು ಸಂಗಡಿಗರು ಒಂದು ಕುತೂಹಲದ ಸಂಗತಿ ಕಂಡುಕೊಂಡರು. ಔಷಧಿ ಇಲ್ಲದಾಗ ರೋಗಿಗಳು ನಷ್ಟದಿಂದ ಚೆನ್ನಾಗಿ ಕಲಿಯುತ್ತಿದ್ದರು; ಔಷಧಿ ಸೇವಿಸಿದಾಗ ಲಾಭದಿಂದ. ಅಂದರೆ ಗುಳಿಗೆ ನುಂಗಿದವರಿಗೆ ನೀರು ಬಿದ್ದ ಒಂದು ಬೋರ್‌ವೆಲ್ ನೆನಪಿರಬಹುದು, ಬತ್ತಿದ ಮೂರರ ಪೆಟ್ಟು ನಾಟದಿರಬಹುದು.

ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಗುಂಪಿನ ಗುಳಿಗೆಗಳ ಬಗ್ಗೆ ಹೆಚ್ಚು ಎಚ್ಚರ ಬೇಕು. ಅಮೆರಿಕ ಮತ್ತು ಕೆನಡಾದ 3,090 ರೋಗಿಗಳ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಜೂಜು, ಮಿತಿಮೀರಿದ ಖರೀದಿ, ಅತಿಯಾದ ಲೈಂಗಿಕ ಆಸೆ, ಹೊಟ್ಟೆಬಾಕತನ – ಇವುಗಳಲ್ಲಿ ಒಂದಾದರೂ ಈ ಗುಂಪಿನ ಔಷಧಿ ಸೇವಿಸುವವರಲ್ಲಿ ಶೇ. 17.1 ಮಂದಿಗೆ, ಸೇವಿಸದವರಲ್ಲಿ ಶೇ. 6.9 ಮಂದಿಗೆ ಇತ್ತು. ಎಂದೂ ಇಸ್ಪೀಟು ಮುಟ್ಟದ ಅಬ್ಬಾ ಇಳಿವಯಸ್ಸಿನಲ್ಲಿ ಮೊಬೈಲ್ ರಮ್ಮಿಗೆ ಹಣ ಹಾಕಿದರೆ ಮನೆಯವರು ‘ಹೆಸರು ಕೆಡಿಸಿದರು’ ಎನ್ನುತ್ತಾರೆ. ಬೈಯುವ ಮೊದಲು ಔಷಧಿ ಚೀಟಿ ನೋಡಿ.

ಆದರೆ ಗುಳಿಗೆಯನ್ನು ನೀವಾಗಿ ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸಿದರೆ ಮೈ ಮರಗಟ್ಟಿ, ಜ್ವರವೇರಿ ಪ್ರಾಣಕ್ಕೇ ಅಪಾಯವಾಗಬಹುದು. ಪ್ರಮಾಣ ಇಳಿಸುವುದು, ಔಷಧಿ ಬದಲಿಸುವುದು ನರರೋಗ ವೈದ್ಯರ ಕೆಲಸ.

ನಮ್ಮ ಪದ್ಧತಿಯ ಬಗ್ಗೆಯೂ ಒಂದು ಮಾತು. ನಸುಗುನ್ನಿ ಬೀಜದಲ್ಲಿ (ಕೌಂಚ್) ಲೆವೊಡೋಪಾ ಇದೆ. ಪಾರ್ಕಿನ್ಸನ್‌ಗೆ ಕೊಡುವ ಮುಖ್ಯ ಔಷಧಿಯೂ ಅದೇ. ‘ಗಿಡಮೂಲಿಕೆ ತಾನೇ’ ಎಂದು ಅದರ ಪುಡಿಯನ್ನು ಗುಳಿಗೆಯ ಜೊತೆ ತಿಂದರೆ ಪ್ರಮಾಣ ಮಿತಿಮೀರಬಹುದು.

ರೋಗಿಯನ್ನು ಮೂಲೆಗೆ ಕೂರಿಸಿ ಎಂದು ನಾನು ಹೇಳುತ್ತಿಲ್ಲ. ಬಿತ್ತನೆಯ ಹದ ಅವರಿಗೆ ತಿಳಿದಷ್ಟು ಮಕ್ಕಳಿಗೆ ತಿಳಿಯದು. ಹೊಲ ಮಾರಾಟ, ಸಾಲ, ಬೋರ್‌ವೆಲ್‌ನಂಥ ಮಾತಿಗೆ ಮನೆಯವರೆಲ್ಲ ಕೂತು ಮಶ್ವರಾ ಮಾಡಿ. ಅಂದೇ ಸಹಿ ಬೇಡ. ಎರಡು ಮೂರು ದಿನ ಬಿಟ್ಟು ಮತ್ತೆ ಕೇಳಿ. ವೈದ್ಯರ ಬಳಿ ಹೋಗುವಾಗ ಯೂನಾನಿ, ಆಯುರ್ವೇದದ ಪುಡಿಗಳೂ ಸೇರಿ ಎಲ್ಲ ಔಷಧಿಗಳನ್ನು ಒಂದೇ ಚೀಲದಲ್ಲಿ ಒಯ್ಯಿರಿ. ಜೂಜು, ಖರ್ಚಿನ ಸಂಗತಿಯನ್ನು ರೋಗಿ ತಾವಾಗಿ ಬಾಯಿಬಿಡುವುದು ಕಡಿಮೆ. ಅದನ್ನು ನೀವೇ ವೈದ್ಯರಿಗೆ ತಿಳಿಸಿ.